ಕಾರಣ ಕೇಳುವ ಹಕ್ಕು: ವಿದ್ಯಾರ್ಥಿ ವೀಸಾ ಮತ್ತು ನ್ಯಾಯಾಲಯ

(ಗದಗ ಜಿಲ್ಲೆಯ ಸೊರಟೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಇಡುವವರು ತಮ್ಮ ದುಡಿಮೆಯ ಒಂದು ಪಾಲನ್ನು ಊರಿನ ತಿಳಿವಳಿಕೆಗೆ ಎಂದು ತೆಗೆದಿಡುತ್ತಾರೆ. ಅಂಥ ಹಣದಿಂದ ನಡೆಯುವ ಉಪನ್ಯಾಸ ಊರಿನ ಮಕ್ಕಳ ಉಪಯೋಗಕ್ಕೆ ಬರಬೇಕು. ಅದಕ್ಕಾಗಿ ಇಂದು ಈ ವಿಷಯ ಆರಿಸಿಕೊಂಡಿದ್ದೇನೆ: ಹೊರದೇಶದಲ್ಲಿ ಓದಲು ವೀಸಾ ಕೇಳಿದ ನಮ್ಮ ಹುಡುಗ ಹುಡುಗಿಯರಿಗೆ ‘ಇಲ್ಲ’ ಎಂಬ ಉತ್ತರ ಬಂದರೆ, ಆ ಉತ್ತರವನ್ನು ಯಾವುದಾದರೂ ನ್ಯಾಯಾಲಯ ಪರಿಶೀಲಿಸುತ್ತದೆಯೇ?

ಇದು ಬೆಂಗಳೂರಿನವರ ತಾಪತ್ರಯ, ನಮಗೇಕೆ ಎಂದು ಕೇಳುವ ಕಾಲ ಹೋಯಿತು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಚಳಗೇರಿಯವನು. ಇಲ್ಲಿ ಸೀಟು ಸಿಗಲಿಲ್ಲ, ಸಿಕ್ಕರೂ ಕಟ್ಟಲು ಹಣ ಸಾಲದು ಎಂಬ ಕಾರಣಕ್ಕೆ ಎಷ್ಟು ಹಳ್ಳಿಗಳ ಮಕ್ಕಳು ಎಷ್ಟು ದೂರ ಹೋಗಿದ್ದಾರೆ ಎಂಬುದು ಆ ದಿನ ನಾಡಿಗೆಲ್ಲ ಗೊತ್ತಾಯಿತು. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ವಿದೇಶಿ ವ್ಯಾಸಂಗಕ್ಕೆ ನೆರವಾಗುವ ಪ್ರಬುದ್ಧ ಯೋಜನೆ ರಾಜ್ಯದಲ್ಲಿದೆ. ಬ್ಯಾಂಕುಗಳು ಹೊಲ, ಮನೆ ಒತ್ತೆ ಇಟ್ಟುಕೊಂಡು ಸಾಲ ಕೊಡುತ್ತಿವೆ. ಹೋಗುವವರು ಇನ್ನೂ ಹೆಚ್ಚುತ್ತಾರೆ, ತಿರಸ್ಕಾರದ ಪತ್ರ ಪಡೆಯುವವರೂ ಹೆಚ್ಚುತ್ತಾರೆ. 2025ರ ಆಗಸ್ಟ್ ತಿಂಗಳಿನಲ್ಲಿ ಕೆನಡಾ ವಿಲೇವಾರಿ ಮಾಡಿದ ಭಾರತೀಯ ವಿದ್ಯಾರ್ಥಿಗಳ ಅರ್ಜಿಗಳಲ್ಲಿ ಹತ್ತಿರಹತ್ತಿರ ನಾಲ್ಕರಲ್ಲಿ ಮೂರು ತಿರಸ್ಕೃತವಾದವು. ಅದಕ್ಕೆ ಎರಡು ವರ್ಷ ಮೊದಲು, 2023ರ ಆಗಸ್ಟಿನಲ್ಲಿ, ತಿರಸ್ಕೃತವಾದದ್ದು ಮೂರರಲ್ಲಿ ಒಂದು ಮಾತ್ರ. ಅಮೆರಿಕ 2024ರ ಹಣಕಾಸು ವರ್ಷದಲ್ಲಿ ಜಗತ್ತಿನೆಲ್ಲೆಡೆಯಿಂದ ಬಂದ ವಿದ್ಯಾರ್ಥಿ ವೀಸಾ ಅರ್ಜಿಗಳಲ್ಲಿ ಸುಮಾರು ಶೇ. 41ರಷ್ಟನ್ನು ನಿರಾಕರಿಸಿತು.

ನನ್ನದು ವಕೀಲಿ ವೃತ್ತಿ. ಇಂಥ ಪತ್ರ ಹಿಡಿದು ಬರುವ ತಂದೆ ತಾಯಂದಿರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಧಾರವಾಡ ಹೈಕೋರ್ಟಿನ್ಯಾಗ ಒಂದು ರಿಟ್ ಹಾಕಿದ್ರ ಆಗೂದಿಲ್ಲೇನ್ರಿ?” ಇದು ದಡ್ಡ ಪ್ರಶ್ನೆಯಲ್ಲ. ಸರ್ಕಾರಿ ಅಧಿಕಾರಿ ತಪ್ಪು ಆದೇಶ ಮಾಡಿದರೆ ಹೈಕೋರ್ಟು ಅದನ್ನು ರದ್ದು ಮಾಡುತ್ತದೆ ಎಂಬ ನಂಬಿಕೆ ಈ ಭಾಗದ ಜನರಲ್ಲಿ ಗಟ್ಟಿಯಾಗಿದೆ, ಅದಕ್ಕೆ ಬೆಲೆಯನ್ನೂ ಅವರು ತೆತ್ತಿದ್ದಾರೆ. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬರುವವರೆಗೆ ಗದಗಿನ ಕಕ್ಷಿದಾರ ಒಂದು ವಾಯಿದೆಗೆಂದು ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕಿತ್ತು. 2013ರಲ್ಲಿ ಪೀಠ ಕಾಯಂ ಆಯಿತು. ಅದಕ್ಕಾಗಿ ಉತ್ತರ ಕರ್ನಾಟಕದ ವಕೀಲರು ವರ್ಷಗಟ್ಟಲೆ ಹೋರಾಡಿದ್ದರು. ನ್ಯಾಯಾಲಯ ದೂರವಿದ್ದರೆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ ಎಂದು ಇಲ್ಲಿಯವರಿಗೆ ಯಾರೂ ಕಲಿಸಬೇಕಿಲ್ಲ.

ಆದರೂ ಆ ಪ್ರಶ್ನೆಗೆ ಉತ್ತರ ‘ಆಗುವುದಿಲ್ಲ’ ಎಂದೇ. ಸಂವಿಧಾನದ 226ನೇ ವಿಧಿಯ ರಿಟ್ ನಮ್ಮ ದೇಶದ ಪ್ರಾಧಿಕಾರಗಳನ್ನು ಕಟ್ಟಿಹಾಕುತ್ತದೆ, ಇನ್ನೊಂದು ದೇಶದ ವೀಸಾ ಅಧಿಕಾರಿಯನ್ನಲ್ಲ. ಆತ ದೆಹಲಿಯಲ್ಲೋ ಚೆನ್ನೈಯಲ್ಲೋ ಕುಳಿತಿದ್ದರೂ ಚಲಾಯಿಸುವುದು ತನ್ನ ಸರ್ಕಾರದ ಅಧಿಕಾರವನ್ನು. ಗಡಿಯೊಳಗೆ ಯಾರು ಬರಬೇಕು ಎಂದು ತೀರ್ಮಾನಿಸುವುದು ಪ್ರಭುತ್ವದ ಬಹಳ ಹಳೆಯ ಹಕ್ಕು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನೂ ಸೇವುಣ ಭಿಲ್ಲಮನೂ ಇದೇ ಸೊರಟೂರಿನ ನೆಲದಲ್ಲಿ ಯುದ್ಧ ಮಾಡಿದ್ದು ಗಡಿಯ ಮೇಲಿನ ಹಿಡಿತಕ್ಕಾಗಿಯೇ. ಆ ಹಕ್ಕನ್ನು ನಾನು ಇಲ್ಲಿ ಪ್ರಶ್ನಿಸುತ್ತಿಲ್ಲ. ಅದನ್ನು ಚಲಾಯಿಸುವ ಅಧಿಕಾರಿ ಕಾರಣ ಹೇಳಬೇಕೇ, ಹೇಳಿದ ಕಾರಣವನ್ನು ಒಬ್ಬ ನ್ಯಾಯಾಧೀಶ ಓದಿ ನೋಡಬೇಕೇ ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ದೇಶ ಈ ಪ್ರಶ್ನೆಯನ್ನು ಮೊದಲು ಎದುರಿಸಿದ್ದು ಪಾಸ್‌ಪೋರ್ಟಿನ ವಿಷಯದಲ್ಲಿ. 1967ರವರೆಗೆ ಪಾಸ್‌ಪೋರ್ಟ್ ಕೊಡುವ, ಹಿಂದಕ್ಕೆ ಪಡೆಯುವ ಅಧಿಕಾರಕ್ಕೆ ಕಾನೂನಿನ ಚೌಕಟ್ಟೇ ಇರಲಿಲ್ಲ, ಅದು ಸರ್ಕಾರದ ಮರ್ಜಿಯ ವಿಷಯವಾಗಿತ್ತು. ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ 1967ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಐವರಲ್ಲಿ ಮೂವರ ಬಹುಮತದಿಂದ, ಹೊರದೇಶಕ್ಕೆ ಹೋಗುವ ಸ್ವಾತಂತ್ರ್ಯ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೆ ಸೇರಿದೆ ಎಂದಿತು. ಬಹುಮತದ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್. ಮರುದಿನವೇ ಅವರು ಹುದ್ದೆ ಬಿಟ್ಟು ರಾಷ್ಟ್ರಪತಿ ಚುನಾವಣೆಗೆ ನಿಂತರು. ಅದೇ ವರ್ಷದ ಜೂನ್ 24ರಂದು ಪಾಸ್‌ಪೋರ್ಟ್ ಕಾಯ್ದೆ ಜಾರಿಗೆ ಬಂತು. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು, ಮೇಲ್ಮನವಿಗೆ ಅವಕಾಶ ಇರಬೇಕು ಎಂಬ ನಿಯಮಗಳು ಅದರಲ್ಲಿ ಸೇರಿದವು.

ಹತ್ತು ವರ್ಷದ ನಂತರ, 1977ರ ಜುಲೈನಲ್ಲಿ, ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರ್ಕಾರ ವಶಪಡಿಸಿಕೊಂಡಿತು. ಕಾರಣ ಕೇಳಿದರೆ, ಸಾರ್ವಜನಿಕ ಹಿತದೃಷ್ಟಿಯಿಂದ ಕಾರಣ ಹೇಳಲಾಗದು ಎಂಬ ಉತ್ತರ ಬಂತು. 1978ರ ಜನವರಿ 25ರ ತೀರ್ಪು ಇಂದು ಕಾನೂನು ಓದುವ ಪ್ರತಿಯೊಬ್ಬರಿಗೂ ಗೊತ್ತು: ಕಾನೂನಿನ ವಿಧಾನ ನ್ಯಾಯಯುತವಾಗಿರಬೇಕು, ತೊಂದರೆಗೊಳಗಾದವರ ಮಾತನ್ನು ಕೇಳಬೇಕು. ಅದಕ್ಕೆ ಎರಡು ತಿಂಗಳ ಮುಂಚೆ, ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇನ್ನೊಂದು ಸೂತ್ರ ಹಾಕಿಕೊಟ್ಟಿದ್ದರು. ಆದೇಶ ನಿಲ್ಲುವುದಾದರೆ ಅದರಲ್ಲಿ ಬರೆದ ಕಾರಣದ ಮೇಲೆಯೇ ನಿಲ್ಲಬೇಕು. ಕೋರ್ಟಿಗೆ ಬಂದ ಮೇಲೆ ಪ್ರಮಾಣಪತ್ರದಲ್ಲಿ ಹೊಸ ಕಾರಣ ಹೊಸೆಯುವಂತಿಲ್ಲ. ವೀಸಾ ಪ್ರಕರಣಗಳಲ್ಲಿ ಇಂಥದೇ ಸೂತ್ರ ದೂರದ ದೇಶವೊಂದರಲ್ಲಿಯೂ ನಮ್ಮ ಮಕ್ಕಳ ಕೈ ಹಿಡಿದಿದೆ.

ಪಾಸ್‌ಪೋರ್ಟ್ ನಮ್ಮ ಸರ್ಕಾರದ್ದು, ಅದಕ್ಕೆ ಇಷ್ಟೆಲ್ಲ ರಕ್ಷಣೆ ಇದೆ. ವೀಸಾ ಹೊರದೇಶದ ಸರ್ಕಾರದ್ದು. ಅದರ ಕಾನೂನು ದೇಶದಿಂದ ದೇಶಕ್ಕೆ ಬೇರೆ ಬೇರೆ.

ಅಮೆರಿಕದಿಂದ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ಹೇಳುವುದು ಕಡಿಮೆ. 1952ರ ಅವರ ವಲಸೆ ಕಾಯ್ದೆಯ 214ನೇ ಕಲಮಿನ ‘ಬಿ’ ಉಪಕಲಮಿನಂತೆ, ವಿದ್ಯಾರ್ಥಿ ವೀಸಾ ಕೇಳುವವನು ಅಲ್ಲೇ ನೆಲೆಸಲು ಬರುತ್ತಿದ್ದಾನೆ ಎಂದು ಮೊದಲಿಗೇ ಊಹಿಸಲಾಗುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರನದು. ಸಂದರ್ಶನ ಕೆಲವೇ ನಿಮಿಷಗಳದ್ದು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ವೀಸಾ ಸೇವೆ ಅದರೊಂದಿಗೇ ಆರಂಭವಾಗಲಿಲ್ಲ. ಹಾಗಾಗಿ ನಮ್ಮ ಮಕ್ಕಳು ಆ ಕೆಲವು ನಿಮಿಷಗಳಿಗಾಗಿ ಚೆನ್ನೈ, ಹೈದರಾಬಾದ್ ದಾರಿ ಹಿಡಿದಿದ್ದಾರೆ. ನಿರಾಕರಣೆಯ ಪತ್ರ ಮುದ್ರಿತ ನಮೂನೆ, ಮೇಲ್ಮನವಿ ಇಲ್ಲ, ಬೇಕಾದರೆ ಮತ್ತೆ 185 ಡಾಲರ್ ಕಟ್ಟಿ ಹೊಸ ಅರ್ಜಿ ಹಾಕಬೇಕು. ಕಾನ್ಸುಲರ್ ಅಧಿಕಾರಿಯ ತೀರ್ಮಾನವನ್ನು ತಾವು ಮುಟ್ಟುವುದಿಲ್ಲ ಎಂಬುದು ಅಲ್ಲಿನ ನ್ಯಾಯಾಲಯಗಳ ಹಳೆಯ ನಿಲುವು. 1972ರ ಮ್ಯಾಂಡೆಲ್ ಪ್ರಕರಣ ಅದರಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟಿತ್ತು. 2024ರ ಜೂನ್ 21ರ ಮುನ್ಯೋಜ್ ತೀರ್ಪು ಆ ಕಿಂಡಿಯನ್ನೂ ಕಿರಿದು ಮಾಡಿತು. ಅಮೆರಿಕದ ಪ್ರಜೆಯೊಬ್ಬಳು ತನ್ನ ಗಂಡನ ವೀಸಾಕ್ಕಾಗಿ ಹೂಡಿದ ದಾವೆ ಅದು. ಹೆಂಡತಿಗೇ ಸಿಗದ ಪರಿಶೀಲನೆ ಗದಗಿನ ವಿದ್ಯಾರ್ಥಿಗೆ ಸಿಗುವುದು ಹೇಗೆ?

ಆದರೆ ಆ ನೆಲದ ಮೇಲೆ ಒಮ್ಮೆ ಕಾಲಿಟ್ಟವನ ಸ್ಥಿತಿ ಬೇರೆ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಸಾವಿರಾರು ವಿದೇಶಿಯರ ವಿದ್ಯಾರ್ಥಿ ಸ್ಥಾನಮಾನದ ದಾಖಲೆಗಳನ್ನು ಏಕಾಏಕಿ ರದ್ದು ಮಾಡಿತು. ಅವರಲ್ಲಿ ಭಾರತೀಯರೂ ಬಹಳ ಮಂದಿ ಇದ್ದರು. ನೂರಕ್ಕೂ ಹೆಚ್ಚು ದಾವೆಗಳು ದಾಖಲಾದವು, ಫೆಡರಲ್ ನ್ಯಾಯಾಧೀಶರು ಒಂದರ ಹಿಂದೆ ಒಂದು ತಡೆಯಾಜ್ಞೆ ಕೊಟ್ಟರು, ತಿಂಗಳು ಮುಗಿಯುವಷ್ಟರಲ್ಲಿ ದಾಖಲೆಗಳನ್ನು ಮರಳಿ ಸ್ಥಾಪಿಸುವುದಾಗಿ ಸರ್ಕಾರ ಒಪ್ಪಿತು. ಅದೇ ದೇಶ, ಅವೇ ನ್ಯಾಯಾಲಯಗಳು. ಹೊಸ್ತಿಲ ಆಚೆ ನಿಂತವನಿಗೆ ಒಂದು ನ್ಯಾಯ, ಒಳಗೆ ಬಂದವನಿಗೆ ಇನ್ನೊಂದು.

ಬ್ರಿಟನ್ ನಡುದಾರಿ ಹಿಡಿದಿದೆ. 2014ರ ಕಾಯ್ದೆ ವಿದ್ಯಾರ್ಥಿಗಳ ಮೇಲ್ಮನವಿಯ ಹಕ್ಕನ್ನು ತೆಗೆದುಹಾಕಿತು. ಈಗ ಹೊರದೇಶದಿಂದ ಅರ್ಜಿ ಹಾಕಿದವರು 28 ದಿನಗಳೊಳಗೆ 80 ಪೌಂಡ್ ಕಟ್ಟಿ ಆಡಳಿತಾತ್ಮಕ ಮರುಪರಿಶೀಲನೆ ಕೇಳಬಹುದು. ಅದೂ ವಿಫಲವಾದರೆ ಅಪ್ಪರ್ ಟ್ರಿಬ್ಯೂನಲ್‌ನಲ್ಲಿ ನ್ಯಾಯಿಕ ಪರಿಶೀಲನೆ, ತಡಮಾಡದೆ, ಹೆಚ್ಚೆಂದರೆ ಮೂರು ತಿಂಗಳೊಳಗೆ. ಆ ದೇಶದಲ್ಲಿ ನ್ಯಾಯಾಲಯ ಏಕೆ ಬೇಕು ಎಂಬುದಕ್ಕೆ ವೀಸಾಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆಯ ಪ್ರಕರಣವೊಂದೇ ಸಾಕು. ಪರೀಕ್ಷಾ ಕೇಂದ್ರಗಳಲ್ಲಿ ನಕಲು ನಡೆದಿದೆ ಎಂದು 2014ರ ಫೆಬ್ರವರಿಯಲ್ಲಿ ಬಿಬಿಸಿ ಬಯಲು ಮಾಡಿತು. ಪರೀಕ್ಷೆ ನಡೆಸಿದ ಸಂಸ್ಥೆ ಧ್ವನಿಮುದ್ರಣಗಳನ್ನು ಮರುಪರಿಶೀಲಿಸಿ, 58 ಸಾವಿರಕ್ಕೂ ಹೆಚ್ಚು ಪರೀಕ್ಷೆಗಳಲ್ಲಿ ಶೇ. 97ರಷ್ಟು ಸಂಶಯಾಸ್ಪದ ಎಂದು ವರದಿ ಕೊಟ್ಟಿತು. ಅದನ್ನೇ ನಂಬಿ ಸರ್ಕಾರ ಸಾವಿರಾರು ವೀಸಾ ರದ್ದು ಮಾಡಿತು. ನಕಲು ಮಾಡಿದವರು ಇದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಪ್ರಾಮಾಣಿಕವಾಗಿ ಬರೆದವರೂ ಅದೇ ಬಲೆಗೆ ಬಿದ್ದಿದ್ದರು. ಭಾರತದವರೂ ಸೇರಿ ಅನೇಕ ವಿದ್ಯಾರ್ಥಿಗಳು ತಮ್ಮ ಹೆಸರಿಗೆ ಹತ್ತಿದ ‘ವಂಚಕ’ ಎಂಬ ಕಳಂಕ ಅಳಿಸಲು ವರ್ಷಗಟ್ಟಲೆ ಕೋರ್ಟು ಅಲೆದರು. ತಪ್ಪಾಗಿ ಆರೋಪಕ್ಕೆ ಒಳಗಾದವರು ಇದ್ದಾರೋ ಎಂದು ನೋಡುವ ಕಾಳಜಿಯನ್ನು ಸರ್ಕಾರ ತೋರಲಿಲ್ಲ ಎಂದು 2019ರ ಮೇ ತಿಂಗಳಲ್ಲಿ ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯೇ ಟೀಕಿಸಿತು.

ಇನ್ನು ಕೆನಡಾ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ವಿದ್ಯಾರ್ಥಿ ವೀಸಾ ನಿರಾಕರಣೆಯ ಕಾನೂನು ನಿಜವಾಗಿ ಬೆಳೆದದ್ದು ಆ ದೇಶದ ಫೆಡರಲ್ ನ್ಯಾಯಾಲಯದಲ್ಲಿ. ವಲಸೆ ಕಾಯ್ದೆಯ 72ನೇ ಕಲಮಿನಡಿ, ಕೆನಡಾದ ಹೊರಗಿರುವ ಅರ್ಜಿದಾರ ತೀರ್ಮಾನ ತಿಳಿದ 60 ದಿನಗಳೊಳಗೆ ಆ ನ್ಯಾಯಾಲಯಕ್ಕೆ ಹೋಗಬಹುದು. ಶುಲ್ಕ 50 ಡಾಲರ್. ಮೊದಲು ನ್ಯಾಯಾಧೀಶರೊಬ್ಬರು ಪ್ರಕರಣ ಕೇಳಲು ಅನುಮತಿ ಕೊಡಬೇಕು, ಆಮೇಲೆ ವಿಚಾರಣೆ. 2024ರಲ್ಲಿ ವಲಸೆ ಸಂಬಂಧದ ಪ್ರಕರಣಗಳು 24 ಸಾವಿರ ದಾಟಿದ್ದರಿಂದ ಕಾಯುವಿಕೆ ಒಂದೂವರೆ ವರ್ಷದವರೆಗೆ ಹೋಗಿತ್ತು. ಆಗ ನ್ಯಾಯಾಲಯ ವಿದ್ಯಾರ್ಥಿಗಳಿಗೆಂದೇ ಅಕ್ಟೋಬರ್ 1ರಿಂದ ಪ್ರಾಯೋಗಿಕ ಸರಳ ವಿಧಾನವೊಂದನ್ನು ಆರಂಭಿಸಿತು. ಸಂಗತಿಗಳ ಬಗ್ಗೆ ತಕರಾರಿಲ್ಲದ, ಇಬ್ಬರೂ ಕಕ್ಷಿದಾರರು ಒಪ್ಪಿದ ಪ್ರಕರಣಗಳಲ್ಲಿ ಅನುಮತಿ ಮತ್ತು ತೀರ್ಪು ಒಟ್ಟಿಗೇ, ಸುಮಾರು ಐದು ತಿಂಗಳಲ್ಲಿ.

ನ್ಯಾಯಾಧೀಶರು ನೋಡುವುದು ಏನನ್ನು? 2019ರ ಡಿಸೆಂಬರ್ 19ರಂದು ಕೆನಡಾದ ಸುಪ್ರೀಂ ಕೋರ್ಟ್ ಕೊಟ್ಟ ವವಿಲೋವ್ ತೀರ್ಪು ಅದಕ್ಕೆ ಅಳತೆಗೋಲು. ಅದು ವಿದ್ಯಾರ್ಥಿಯ ಪ್ರಕರಣವಲ್ಲ. ಟೊರಾಂಟೊದಲ್ಲಿ ಹುಟ್ಟಿದ, ರಷ್ಯಾದ ಗೂಢಚಾರರ ಮಗನೊಬ್ಬನ ಪೌರತ್ವದ್ದು. ಆದರೆ ಅದು ಹಾಕಿದ ನಿಯಮ ಎಲ್ಲ ಆಡಳಿತಾತ್ಮಕ ತೀರ್ಮಾನಗಳಿಗೂ ಅನ್ವಯ: ತೀರ್ಮಾನಕ್ಕೆ ಸಮರ್ಥನೆ ಇರಬೇಕು, ತರ್ಕದ ಎಳೆ ಕಾಣಬೇಕು, ಅರ್ಜಿದಾರ ಮುಂದಿಟ್ಟ ಸಾಕ್ಷ್ಯಕ್ಕೆ ಅದು ಉತ್ತರ ಕೊಡಬೇಕು. ಇದರ ಆಧಾರದ ಮೇಲೆ ಫೆಡರಲ್ ನ್ಯಾಯಾಲಯ ಹಲವಾರು ನಿರಾಕರಣೆಗಳನ್ನು ರದ್ದು ಮಾಡಿದೆ. ಅರ್ಜಿದಾರ ಅವಿವಾಹಿತ, ವಯಸ್ಸು ಚಿಕ್ಕದು, ಮಕ್ಕಳಿಲ್ಲ, ಆದ್ದರಿಂದ ಊರಿಗೆ ಮರಳುವುದಿಲ್ಲ ಎಂದು ಬರೆದರೆ ಸಾಲದು ಎಂದಿದೆ, ಏಕೆಂದರೆ ವಿದ್ಯಾರ್ಥಿಗಳೆಂದರೆ ಬಹುತೇಕ ಅಂಥವರೇ. ಇಂಥ ಕೋರ್ಸು ನಿನಗೇಕೆ ಎಂದು ವೃತ್ತಿ ಸಲಹೆ ಕೊಡುವುದು ವೀಸಾ ಅಧಿಕಾರಿಯ ಕೆಲಸವಲ್ಲ ಎಂದಿದೆ. ಅರ್ಜಿಗಳ ರಾಶಿ ದೊಡ್ಡದು ಎಂಬುದು ಸಾಕ್ಷ್ಯ ಓದದಿರಲು ನೆಪವಾಗದು ಎಂದಿದೆ. ಅಧಿಕಾರಿ ಆಮೇಲೆ ಪ್ರಮಾಣಪತ್ರದಲ್ಲಿ ಹೊಸ ಕಾರಣ ಸೇರಿಸುವುದನ್ನೂ ಅದು ಒಪ್ಪುವುದಿಲ್ಲ. ಕೃಷ್ಣ ಅಯ್ಯರ್ ಅವರ ಸೂತ್ರವನ್ನು ನಾನು ಮೊದಲೇ ಹೇಳಿದ್ದು ಈ ಕಾರಣಕ್ಕೆ.

2025ರ ಜುಲೈ ಕೊನೆಯಿಂದ ಕೆನಡಾದ ವಲಸೆ ಇಲಾಖೆ ನಿರಾಕರಣೆಯ ಪತ್ರದ ಜೊತೆಗೇ ಅಧಿಕಾರಿಯ ಟಿಪ್ಪಣಿಯನ್ನೂ ಕಳಿಸತೊಡಗಿದೆ. ಮೊದಲು ಆ ಟಿಪ್ಪಣಿ ಪಡೆಯಲು ಪ್ರತ್ಯೇಕ ಅರ್ಜಿ ಹಾಕಿ ವಾರಗಟ್ಟಲೆ ಕಾಯಬೇಕಿತ್ತು. 60 ದಿನಗಳ ಗಡುವಿನಲ್ಲಿ ಬಹುಪಾಲು ಹಾಗೇ ಕರಗುತ್ತಿತ್ತು. ಇಷ್ಟು ಚಿಕ್ಕ ಬದಲಾವಣೆಯನ್ನು ನಾನು ದೊಡ್ಡ ಸುಧಾರಣೆ ಎಂದೇ ಎಣಿಸುತ್ತೇನೆ.

ಈಗ ಈ ಸಭೆಯಲ್ಲಿ ಹೇಳಲೇಬೇಕಾದ ಮಾತು. ನ್ಯಾಯಾಲಯ ಓದುವುದು ತೀರ್ಮಾನ ಮಾಡಿದ ದಿನ ಅಧಿಕಾರಿಯ ಮುಂದಿದ್ದ ಕಾಗದಗಳನ್ನು ಮಾತ್ರ. ಅಷ್ಟರೊಳಗೆ ಸೇರಿಸದ ಜಮೀನಿನ ಉತಾರ, ಬರೆಯದ ವಿವರಣೆ ಕೋರ್ಟಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಕೇಸು ಗೆಲ್ಲುವುದೋ ಸೋಲುವುದೋ ಎಂಬುದು ವೀಸಾ ಅರ್ಜಿಯ ಮೊದಲ ಪುಟದಲ್ಲಿಯೇ ಅರ್ಧ ತೀರ್ಮಾನವಾಗಿರುತ್ತದೆ. ನಗರದ ನೌಕರರ ಮಕ್ಕಳಿಗಿಂತ ಒಕ್ಕಲುತನದ ಮನೆಯ ಮಕ್ಕಳು ಸೋಲುವುದು ಇಲ್ಲಿಯೇ.

ಕೆನಡಾ 2025ರ ಸೆಪ್ಟೆಂಬರ್ 1ರಿಂದ ಬೋಧನಾ ಶುಲ್ಕ ಬಿಟ್ಟು, ಜೀವನವೆಚ್ಚಕ್ಕೆಂದೇ ವರ್ಷಕ್ಕೆ 22,895 ಡಾಲರ್, ನಮ್ಮ ಲೆಕ್ಕದಲ್ಲಿ 14 ಲಕ್ಷ ರೂಪಾಯಿಗೂ ಹೆಚ್ಚು, ತೋರಿಸಬೇಕೆಂದು ಕೇಳುತ್ತದೆ. ಸಂಬಳದಾರನ ಖಾತೆಯಲ್ಲಿ ಹಣ ತಿಂಗಳು ತಿಂಗಳು ಕೂಡುತ್ತ ಬರುತ್ತದೆ, ಆದಾಯ ತೆರಿಗೆಯ ವಿವರಪಟ್ಟಿ ಅದಕ್ಕೆ ಸಾಕ್ಷಿ ಹೇಳುತ್ತದೆ. ನಮ್ಮ ಖಾತೆಗಳು ಹಾಗಲ್ಲ. ಹೆಸರು ಕಾಳು ಗದಗ ಎಪಿಎಂಸಿಗೆ ಹೋದಾಗ ಒಂದು ಮೊತ್ತ, ಚಳಿಗಾಲದಲ್ಲಿ ಮೆಣಸಿನಕಾಯಿ ಮಾರಿದಾಗ ಇನ್ನೊಂದು. ನಡುವೆ ಐದಾರು ತಿಂಗಳು ಖಾತೆ ಒಣಗಿರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ತೆರಿಗೆ ವಿವರಪಟ್ಟಿ ಇಲ್ಲ. ದೂರದ ಕಚೇರಿಯಲ್ಲಿ ಕುಳಿತ ಅಧಿಕಾರಿಗೆ ಕಾಣುವುದು ಇಷ್ಟೇ: ಬರಿದಾಗಿದ್ದ ಖಾತೆಗೆ ಒಮ್ಮೆಲೆ ಬಂದು ಬಿದ್ದ ದೊಡ್ಡ ಮೊತ್ತ. ಅರ್ಜಿಗಾಗಿ ಎಲ್ಲಿಂದಲೋ ತಂದು ತುಂಬಿದ ಹಣ ಎಂದು ಆತ ಬರೆಯುತ್ತಾನೆ. ಆತ ಕೆಟ್ಟವನಲ್ಲ, ಸುಗ್ಗಿಯ ಲೆಕ್ಕವನ್ನು ಆತನಿಗೆ ಯಾರೂ ಹೇಳಿಲ್ಲ. ನಮ್ಮ ಉತಾರ ಕನ್ನಡದಲ್ಲಿರುತ್ತದೆ, ಅನುವಾದವಿಲ್ಲದೆ ಅದನ್ನು ಲಗತ್ತಿಸಿದರೆ ಓದದ ಕಾಗದವಾಗಿ ಉಳಿಯುತ್ತದೆ.

ಆದ್ದರಿಂದ ಎಪಿಎಂಸಿ ದಲಾಲಿ ಅಂಗಡಿಯ ಪಟ್ಟಿಗಳನ್ನು ವರ್ಷ ವರ್ಷ ಜೋಪಾನವಾಗಿ ಇಡಿ. ಯಾವ ಬೆಳೆ ಎಷ್ಟು ಎಕರೆ, ಯಾವ ತಿಂಗಳು ಮಾರಾಟ, ಖಾತೆಯ ಯಾವ ಜಮೆ ಯಾವ ಮಾರಾಟದ್ದು ಎಂದು ಒಂದು ಪುಟದಲ್ಲಿ ಬರೆದು ಅರ್ಜಿಯ ಜೊತೆ ಇಡಿ. ಅಧಿಕಾರಿ ಆ ಪುಟವನ್ನು ಓದದೆ ತಿರಸ್ಕರಿಸಿದರೆ ಫೆಡರಲ್ ನ್ಯಾಯಾಲಯದಲ್ಲಿ ನಿಮಗೆ ನಿಲ್ಲಲು ನೆಲ ಸಿಗುತ್ತದೆ. ಆ ಪುಟವೇ ಇಲ್ಲದಿದ್ದರೆ ಎಂಥ ವಕೀಲರೂ ಏನೂ ಮಾಡಲಾರರು.

ಇನ್ನೊಂದು ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ವಿದ್ಯಾರ್ಥಿವೇತನಕ್ಕೆಂದು ಕಡಿಮೆ ಆದಾಯದ ಪ್ರಮಾಣಪತ್ರ, ವೀಸಾಕ್ಕೆಂದು ಹೆಚ್ಚು ಆದಾಯದ ಪ್ರಮಾಣಪತ್ರ, ಎರಡನ್ನೂ ಒಂದೇ ಮನೆಯವರು ಮಾಡಿಸುವುದುಂಟು. ಅದು ಸುಳ್ಳು. ಅದು ಹೊರಬಿದ್ದರೆ ಆ ವಿದ್ಯಾರ್ಥಿಯ ನಿಜವಾದ ಕಾಗದಗಳನ್ನೂ ಯಾರೂ ನಂಬುವುದಿಲ್ಲ. 2023ರಲ್ಲಿ ಪಂಜಾಬಿನ ಏಜೆಂಟರ ನಕಲಿ ಪ್ರವೇಶಪತ್ರಗಳ ಹಗರಣ ಬೆಳಕಿಗೆ ಬಂದ ಮೇಲೆ ಕೆನಡಾ ಭಾರತದ ಅರ್ಜಿಗಳನ್ನೆಲ್ಲ ಅನುಮಾನದಿಂದ ನೋಡತೊಡಗಿತು. ಅದರ ದಂಡವನ್ನು ಸತ್ಯ ಬರೆದವರೂ ತೆರುತ್ತಿದ್ದಾರೆ. ಅರ್ಜಿಯಲ್ಲಿ ಏನಿದೆ ಎಂದು ಓದದೆ ಏಜೆಂಟನ ಕೈಗೆ ಸಹಿ ಕೊಡಬೇಡಿ. ಕಾನೂನಿನ ಮುಂದೆ ಆ ಸಹಿ ನಿಮ್ಮದೇ.

ಗೆದ್ದರೆ ಸಿಗುವುದು ಏನು ಎಂಬುದನ್ನೂ ತಿಳಿದಿರಬೇಕು. ವೀಸಾ ಸಿಗುವುದಿಲ್ಲ. ಹಳೆಯ ಆದೇಶ ರದ್ದಾಗಿ ಅರ್ಜಿ ಬೇರೊಬ್ಬ ಅಧಿಕಾರಿಗೆ ಹೋಗುತ್ತದೆ. ಆತ ಸರಿಯಾದ ಕಾರಣ ಬರೆದು ಮತ್ತೆ ‘ಇಲ್ಲ’ ಎನ್ನಬಹುದು. ಅಷ್ಟರಲ್ಲಿ ಪ್ರವೇಶದ ಅವಧಿ ಮುಗಿದಿರುತ್ತದೆ, ಬ್ಯಾಂಕ್ ಸಾಲದ ಮಂಜೂರಾತಿ ಹಳತಾಗಿರುತ್ತದೆ. ಅರ್ಜಿಯಲ್ಲಿಯೇ ಕೊರತೆ ಇದ್ದರೆ ಹೊಸ ಅರ್ಜಿ ಹಾಕುವುದು ಅಗ್ಗವೂ ಹೌದು, ಜಾಣತನವೂ ಹೌದು. ಕೊರತೆ ಇಲ್ಲದಿದ್ದರೆ, ಟಿಪ್ಪಣಿಯಲ್ಲಿನ ಕಾರಣ ನಿಮ್ಮ ಕಾಗದಗಳಿಗೆ ಸಂಬಂಧವೇ ಇಲ್ಲದಂತಿದ್ದರೆ, ಕೋರ್ಟಿಗೆ ಹೋಗಿ. ಮುಂದಿನ ಬಹುತೇಕ ವೀಸಾ ಅರ್ಜಿಗಳಲ್ಲಿ ‘ಹಿಂದೆ ನಿರಾಕರಣೆ ಆಗಿದೆಯೇ’ ಎಂಬ ಪ್ರಶ್ನೆ ಇರುತ್ತದೆ. ಆ ಗೆರೆಯ ಪಕ್ಕದಲ್ಲಿ ‘ನ್ಯಾಯಾಲಯ ರದ್ದು ಮಾಡಿದೆ’ ಎಂದು ಬರೆಯಲು ಸಾಧ್ಯವಾಗುವುದು ಸಣ್ಣ ಸಂಗತಿಯಲ್ಲ.

ಹೊರದೇಶಗಳಿಂದ ಇಷ್ಟೆಲ್ಲ ಕೇಳುವ ನಾವು ನಮ್ಮಲ್ಲಿಗೆ ಓದಲು ಬಂದವರಿಗೆ ಏನು ಕೊಡುತ್ತೇವೆ? ವಿದೇಶಿಯರಿಗೆ ಈ ದೇಶದಲ್ಲಿ ನೆಲೆಸುವ ಹಕ್ಕಿಲ್ಲ ಎಂದು 1991ರ ಲೂಯಿ ಡಿ ರೇಟ್ ತೀರ್ಪು ಹೇಳಿದೆ. ಆದರೆ 14 ಮತ್ತು 21ನೇ ವಿಧಿಗಳ ಸಮಾನತೆ, ನ್ಯಾಯಯುತ ವಿಧಾನ ಅವರಿಗೂ ಸಲ್ಲುತ್ತವೆ. ಜಾದವಪುರ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಪೋಲೆಂಡಿನ ವಿದ್ಯಾರ್ಥಿಯೊಬ್ಬನಿಗೆ, ಪ್ರತಿಭಟನೆಯೊಂದರಲ್ಲಿ ಕಂಡನೆಂಬ ಕಾರಣಕ್ಕೆ, 2020ರಲ್ಲಿ ದೇಶ ಬಿಟ್ಟುಹೋಗಲು ನೋಟಿಸು ಕೊಟ್ಟಾಗ ಕಲ್ಕತ್ತಾ ಹೈಕೋರ್ಟ್ ಅದನ್ನು ರದ್ದು ಮಾಡಿತು. ನನಗೆ ಆ ತೀರ್ಪಿನ ಬಗ್ಗೆ ಹೆಮ್ಮೆಯಿದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಓದುವ ಆಫ್ರಿಕದ, ಪಶ್ಚಿಮ ಏಷ್ಯಾದ ಮಕ್ಕಳಿಗೆ ಕಾರಣ ಹೇಳದೆ ವೀಸಾ ವಿಸ್ತರಣೆ ನಿರಾಕರಿಸಿದರೆ, ಅವರ ತಂದೆ ತಾಯಿಗೂ ನಮ್ಮವರಷ್ಟೇ ದುಃಖವಾಗುತ್ತದೆ.

ಕೊನೆಯದಾಗಿ, ಮಾಡಬಹುದಾದ ಕೆಲಸಗಳು. ವಿದೇಶಿ ವ್ಯಾಸಂಗಕ್ಕೆ ಹಣ ಕೊಡುವ ಸರ್ಕಾರ ತಾನೇ ಆರಿಸಿದ ವಿದ್ಯಾರ್ಥಿಗೆ ವೀಸಾ ನಿರಾಕರಣೆಯಾದರೆ ಕಾನೂನು ವೆಚ್ಚವನ್ನೂ ಭರಿಸಬೇಕು. ಕೋರ್ಟಿನ ಶುಲ್ಕ 50 ಡಾಲರ್ ಇರಬಹುದು, ಆದರೆ ಕೆನಡಾದ ವಕೀಲರ ಶುಲ್ಕವನ್ನು ಕೂಲಿಕಾರನ ಮಗಳು ಎಲ್ಲಿಂದ ತರಬೇಕು? ಉತಾರ, ಆದಾಯ ಪ್ರಮಾಣಪತ್ರಗಳ ಅಧಿಕೃತ ಇಂಗ್ಲಿಷ್ ಪ್ರತಿ ತಹಶೀಲ್ದಾರ್ ಕಚೇರಿಯಲ್ಲೇ ಸಿಗುವಂತಾಗಬೇಕು. ಅರ್ಜಿ ಹಾಕುವ ಮುಂಚೆ ಕಾಗದಗಳನ್ನು ಒಮ್ಮೆ ನೋಡಿಕೊಡುವ ಉಚಿತ ಸಲಹಾ ದಿನವನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪ್ರತಿ ತಾಲ್ಲೂಕಿನಲ್ಲಿ, ಪ್ರವೇಶದ ಹಂಗಾಮಿಗೆ ಮೊದಲು ನಡೆಸಬೇಕು. ಈ ಮೂರನ್ನೂ ಮನವಿಯಾಗಿ ಬರೆದು ತಂದಿದ್ದೇನೆ. ಒಪ್ಪುವವರು ಸಭೆ ಮುಗಿದ ಮೇಲೆ ಓದಿ ಸಹಿ ಹಾಕಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ನಿರಾಕರಣೆಯ ಪತ್ರ ತಂದಿರುವವರು ದಯವಿಟ್ಟು ಅದರ ಮೇಲಿನ ತಾರೀಖನ್ನು ಮೊದಲು ಹೇಳಿ.